ಪಿಂಕಿಯ ಲೆಕ್ಕಕ್ಕೆ ಬಿದ್ದ ತೇಗು

ತೇಗು ಬಂದದ್ದು ಸುಂದರಾಬಾಯಿಗೆ. ದಾಖಲಾದದ್ದು ಪಿಂಕಿಯ ಹೆಸರಿನಲ್ಲಿ.

ಪಿಂಕಿ ಎಂದರೆ ಆಡು. ಸುಂದರಾಬಾಯಿ ಅದರ ಗದ್ದ ಹಿಡಿದು, ಕೆನ್ನೆಗೆ ಕೆನ್ನೆ ಆನಿಸಿ ನಿಂತಿದ್ದಳು. ಎದುರಿಗೆ ಸಂಯುಕ್ತಾ ಎಂಬ ಕನ್ನಡದ ಸಂಶೋಧನೆಯ ಹುಡುಗಿ ಟಾರ್ಚಿನಂಥ ಯಂತ್ರವೊಂದನ್ನು ಆಡಿನ ಬಾಯಿಗೆ ಗುರಿಯಿಟ್ಟಿದ್ದಳು. ಆಡು ಮೆಲುಕು ಹಾಕುತ್ತ ತೇಗಿದರೆ ಅದರಲ್ಲಿ ಮೀಥೇನ್ ಎಷ್ಟಿದೆ ಎಂದು ಆ ಯಂತ್ರ ಹೇಳುತ್ತದೆ. ಭೂಮಿ ಕಾದು ಬಿಸಿಯಾಗುವುದಕ್ಕೆ ಆ ಅನಿಲವೂ ಒಂದು ಕಾರಣವಂತೆ. ತೇಗದ ಮರ ನೆಟ್ಟು ನೆಲ ತಂಪು ಮಾಡುತ್ತಿದ್ದ ಕಾಲ ಹೋಗಿ ತೇಗು ಅಳೆಯುವ ಕಾಲ ಬಂದಿತ್ತು. ಸುಂದರಾಬಾಯಿ ಬೆಳಿಗ್ಗೆ ತಿಂದ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಅದರ ಮೇಲೆ ಕುಡಿದ ಒಂದು ಚೊಂಬು ಮಜ್ಜಿಗೆ ಎಲ್ಲವೂ ಠರಾವು ಮಾಡಿಕೊಂಡಂತೆ ಅದೇ ಗಳಿಗೆಯಲ್ಲಿ ಮೇಲೆದ್ದವು. ಯಂತ್ರ ಕೀಂಯ್ ಎಂದು ಕಿರುಚಿತು.

"ಅಬ್ಬಾ! ಈ ಆಡು ಸಾಮಾನ್ಯದ್ದಲ್ಲ" ಎಂದು ಸಂಯುಕ್ತಾ ಬರೆದುಕೊಂಡಳು.

ಪಿಂಕಿ ಆಡಾದರೂ ಆಡುವಂತಿಲ್ಲ. ಆಡಬಲ್ಲ ಸುಂದರಾಬಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡು ಸುಮ್ಮನಾದಳು. ಸುತ್ತ ಕಾಲೊನಿ ಕಮಿಟಿಯ ಗಂಡಸರು ನಿಂತಿದ್ದರು. ಸೊಸೆ ಕಂಡ ಹೆಂಗಸು, ಇಷ್ಟು ಮಂದಿಯ ನಡುವೆ ಏನೆಂದು ಹೇಳುವುದು?

ಸುಂದರಾಬಾಯಿ ಭಾಲ್ಕಿ ಕಡೆಯವಳು. ಗಂಡ ವೈಜನಾಥನಿಗೆ ರಕ್ಷಣಾ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ ಸಿಕ್ಕಾಗ ಹೈದರಾಬಾದಿಗೆ ಬಂದವಳು. ಜೀಡಿಮೆಟ್ಲಾದಾಚೆ ಮನೆ ಕಟ್ಟಿಸಿಕೊಂಡು, ಮಗನಿಗೆ ಮದುವೆ ಮಾಡಿ, ಗಂಡನನ್ನು ನಿವೃತ್ತಿಯವರೆಗೆ ಮುಟ್ಟಿಸಿದಳು. ಇಷ್ಟರಲ್ಲಿ ಅವಳಿಗೆ ತೆಲುಗು ಬಂದದ್ದು ಬದನೆಕಾಯಿ ಕೊಳ್ಳುವಷ್ಟು, ಹಿಂದಿ ಬಂದದ್ದು ಆಟೋದವನ ಜೊತೆ ಜಗಳಾಡುವಷ್ಟು. ಮನಸ್ಸಿನ ಮಾತಿಗೆ ಕನ್ನಡವೇ ಬೇಕು. ಆದರೆ ಗಂಡ ಯಂತ್ರಗಳ ಗದ್ದಲದಲ್ಲಿ ಅರ್ಧ ಕಿವುಡನಾಗಿ ಬಂದಿದ್ದ. ಮಗ ಸೊಸೆ ಫೋನಿನಲ್ಲಿ ಮುಳುಗಿದ್ದರು. ಒಂದು ಆಡು ತಂದಳು. ಅದು ಹನ್ನೊಂದಾಯಿತು. ಮನೆಯ ಹಿಂದಿನ ಖಾಲಿ ಜಾಗದಲ್ಲಿ ತಗಡು ಹೊದಿಸಿ, ಎಲ್ಲಕ್ಕೂ ನಾದಿನಿ ನೆಗೆಣ್ಣಿಯರ ಹೆಸರಿಟ್ಟಳು, ಬೈಯಲು ಅನುಕೂಲವೆಂದು. ಪಿಂಕಿ ಕಿರಿಯ ನಾದಿನಿಯ ಮುದ್ದಿನ ಹೆಸರು. ದಿನಾ ಮಧ್ಯಾಹ್ನ ಅವುಗಳ ನಡುವೆ ಮಣೆ ಹಾಕಿಕೊಂಡು ಕೂತು, ಭಾಲ್ಕಿಯಲ್ಲಿ ಬಾಕಿ ಉಳಿದ ಜಗಳಗಳನ್ನೆಲ್ಲ ಒಂದೊಂದಾಗಿ ಮುಗಿಸುತ್ತಿದ್ದಳು. ಎದುರು ಮಾತಿಲ್ಲದ ಇಂಥ ನೆಗೆಣ್ಣಿಯರು ಯಾರಿಗುಂಟು?

ಆಡು ಮುಟ್ಟದ ಸೊಪ್ಪಿಲ್ಲ, ಕಮಿಟಿಯ ಸೆಕ್ರೆಟರಿ ಅಂಬಣ್ಣ ಮುಟ್ಟದ ವಿಷಯವಿಲ್ಲ. ಕಾಲೊನಿಯಲ್ಲಿ ಕನ್ನಡ ಬಲ್ಲವನು ಅವನೊಬ್ಬನೇ, ಆದರೆ ಅವನ ಬಾಯಲ್ಲಿ ಕಮಿಟಿಯದಲ್ಲದೆ ಬೇರೆ ಮಾತಿಲ್ಲ. ಆಡುಗಳಿಂದ ಭೂಮಿ ಬಿಸಿಯಾಗುತ್ತದೆ ಎಂದು ಅವನು ಎಲ್ಲೋ ಓದಿ, ಕಾಲೊನಿಯಿಂದ ಅವನ್ನು ಸಾಗಹಾಕಬೇಕೆಂದು ಸಹಿ ಸಂಗ್ರಹಿಸಿದ. ಕಾರ್ಖಾನೆಗಳ ಹೊಗೆಗೆ ಮೂಗು ಮುರಿಯದವರು, ಭಾನುವಾರ ಮಟನ್ ಬಿರಿಯಾನಿಗೆ ಸಾಲು ನಿಲ್ಲುವವರು, ಎಲ್ಲರೂ ಸಹಿ ಹಾಕಿದರು. ಊರಂಚಿನ ಆಡುಗಳ ಅಧ್ಯಯನಕ್ಕೆ ಬಂದಿದ್ದ ಸಂಯುಕ್ತಾ, "ಮೊದಲು ಅಳೆದು ನೋಡೋಣ" ಎಂದಳು. ಇವುಗಳ ಸರಾಸರಿ ಬೇರೆ ಕಡೆಯ ಆಡುಗಳಿಗಿಂತ ಹೆಚ್ಚಾದರೆ ತಿಂಗಳ ಕೊನೆಗೆ ಹನ್ನೊಂದೂ ಹೊರಗೆ. ಕಡಿಮೆಯಾದರೆ ಯಾರೂ ಸೊಲ್ಲೆತ್ತಬಾರದು. ಸುಂದರಾಬಾಯಿ, ಅಂಬಣ್ಣ ಇಬ್ಬರೂ ಒಪ್ಪಿದ್ದರು.

ಈಗ ಸಂಯುಕ್ತಾ ಲೆಕ್ಕ ಕೂಡಿಸಿ ಹುಬ್ಬು ಗಂಟಿಕ್ಕಿದಳು. "ಹತ್ತು ಆಡುಗಳದ್ದು ತುಂಬಾ ಕಡಿಮೆ ಇದೆ ಅಮ್ಮ. ಈ ಪಿಂಕಿ ಒಂದರಿಂದಲೇ ಸರಾಸರಿ ಮೇಲೆ ಹೋಗ್ತಿದೆ."

"ನೋಡ್ರಿ ವೈನಿ" ಎಂದ ಅಂಬಣ್ಣ. "ಈ ಒಂದು ಆಡ ಇಡೀ ಕಾಲೊನಿ ಸುಡಾಕತ್ತೈತಿ. ಮಾತು ಅಂದ್ರ ಮಾತು. ತಿಂಗಳ ಕಡೀಗೆ ಜಾಗಾ ಖಾಲಿ ಮಾಡ್ರಿ."

ಸುಂದರಾಬಾಯಿ ಪಿಂಕಿಯನ್ನು ನೋಡಿದಳು. ಅದು ತನಗೆ ಸಂಬಂಧವೇ ಇಲ್ಲವೆಂಬಂತೆ ಅವಳ ಸೆರಗು ಜಗಿಯುತ್ತಿತ್ತು. ಮಾನ ಹೋದರೆ ಎರಡು ದಿನ ನಗುತ್ತಾರೆ. ಇವು ಹೋದರೆ ಮಧ್ಯಾಹ್ನಗಳನ್ನು ಯಾರ ಜೊತೆ ಕಳೆಯುವುದು?

"ಅಂಬಣ್ಣಾ, ಅದು ಪಿಂಕಿದಲ್ಲ."

"ಮತ್ಯಾರದು?"

"ನಂದು."

"ನಿಮ್ದು ಅಂದ್ರ?"

"ತೇಗಪಾ, ತೇಗು! ಇನ್ನ ಹೆಂಗ ಬಿಡಿಸಿ ಹೇಳ್ಲಿ? ಮುಂಜಾನಿ ಉಳ್ಳಾಗಡ್ಡಿ ತಿಂದಿದ್ದೆ."

ಗಂಡಸರೆಲ್ಲ ಮುಗಿಲು ನೋಡಿದರು. ಪಕ್ಕದಲ್ಲೇ ನಿಂತಿದ್ದ ವೈಜನಾಥ ಕಿವಿಯಿಂದ ಬೆರಳು ತೆಗೆದು, "ಭಾಳ ಜೋರಿತ್ತು. ನನಗೂ ಕೇಳಿಸ್ತು" ಎಂದ.

ಸಂಯುಕ್ತಾ ನಗು ತಡೆಯಲಾರದೆ, "ಕೆಲವು ಮನುಷ್ಯರಲ್ಲೂ ಈ ಅನಿಲ ಇರುತ್ತೆ ಅಮ್ಮ, ನಾಚಿಕೆ ಏನೂ ಬೇಡ" ಎಂದು ಯಂತ್ರವನ್ನು ಮತ್ತೆ ಎತ್ತಿದಳು. ಅಂಬಣ್ಣ ಎರಡು ಹೆಜ್ಜೆ ಹಿಂದೆ ಸರಿದು ಬಾಯಿ ಬಿಗಿಯಾಗಿ ಮುಚ್ಚಿಕೊಂಡ. ಅವನು ಬರುವ ಮುಂಚೆ ಮಿರ್ಚಿ ಭಜಿ ತಿಂದಿದ್ದ.

ಈ ಸಲ ಸುಂದರಾಬಾಯಿಯನ್ನು ದೂರದ ಬೇವಿನ ಮರದ ಕೆಳಗೆ ನಿಲ್ಲಿಸಿದರು. ವೈಜನಾಥ ಪಿಂಕಿಯನ್ನು ಹಿಡಿದ, ಮುಖ ಆ ಕಡೆ ತಿರುಗಿಸಿಕೊಂಡು. ಪಿಂಕಿ ತನ್ನ ಪಾಡಿಗೆ ಮೆಲುಕು ಹಾಕಿ, ಮರ್ಯಾದಸ್ಥರ ಹಾಗೆ ಸಣ್ಣಗೆ ತೇಗಿತು. ಯಂತ್ರ ಕುಂಯ್ ಎಂದು ಸುಮ್ಮನಾಯಿತು.

"ಸರಾಸರಿ ಬೇರೆ ಕಡೆಯ ಆಡುಗಳಿಗಿಂತ ಎಷ್ಟೋ ಕಡಿಮೆ!" ಎಂದಳು ಸಂಯುಕ್ತಾ.

ಸುಂದರಾಬಾಯಿ ಬೇವಿನ ಮರದ ಕೆಳಗಿನಿಂದ ಓಡಿಬಂದು ಪಿಂಕಿಯ ಕೊರಳು ತಬ್ಬಿಕೊಂಡಳು. ಎದೆಯ ಮೇಲಿನ ಬೀಸುಕಲ್ಲು ಇಳಿಸಿದಂತಾಯಿತು. ಅಂಬಣ್ಣ ಹತ್ತಿರ ಬಂದು, "ಇರ್ಲಿ ಬಿಡ್ರಿ ವೈನಿ. ನಿಮ್ಮ ಆಡ ನಮ್ಮ ಕಮಿಟಿಗಿಂತ ಶಿಸ್ತಿಲೆ ಅದಾವ" ಎಂದ. ಸೋತವನ ಮುಖದಲ್ಲೂ ಒಂದು ಜಗಳ ತಪ್ಪಿದ ಸಮಾಧಾನವಿತ್ತು.

ಅಷ್ಟರಲ್ಲಿ ಸಂಯುಕ್ತಾ ಆಡುಗಳ ಗೋದಲಿಗೆ ಕೈಹಾಕಿ, ಜೋಳದ ಕಣಕಿ ಮೇವಿನ ನಡುವಿನಿಂದ ಕೆಂಚು ಬಣ್ಣದ ಚೂರುಗಳನ್ನು ಹಿಡಿದೆತ್ತಿದಳು. ಅವಳ ಕಣ್ಣುಗಳು ಅರಳಿದವು. "ಹುಣಸೆ ಬೀಜದ ಸಿಪ್ಪೆ! ಇದರಲ್ಲಿರೋ ಒಗರು ಆಡಿನ ಹೊಟ್ಟೇಲಿ ಅನಿಲ ತಯಾರಾಗೋದನ್ನ ಕಡಿಮೆ ಮಾಡುತ್ತೆ ಅಮ್ಮ. ನಾವು ಎಷ್ಟೋ ವರ್ಷ ಲ್ಯಾಬಿನಲ್ಲಿ ತಲೆ ಕೆಡಿಸಿಕೊಂಡಿದ್ದು ಇದಕ್ಕೇ." ಪುಸ್ತಕದಲ್ಲಿ ಹೊಸ ಹಾಳೆ ತೆರೆದು 'ಪಾರಂಪರಿಕ ಜ್ಞಾನ' ಎಂದು ಬರೆದು ಎರಡು ಗೆರೆ ಎಳೆದಳು. "ನಿಮಗೆ ಯಾರು ಕಲಿಸಿದ್ರು? ನಿಮ್ಮ ಅಜ್ಜಿಯಾ?"

ಸುಂದರಾಬಾಯಿ ಗಂಡನ ಕಡೆ ಕೈ ಮಾಡಿದಳು.

"ಎಲ್ಲೀ ಅಜ್ಜಿ ತಗೀ ಯವ್ವಾ. ಇವರು ರಿಟೈರ್ ಆದಮ್ಯಾಲೂ ಹುಣಸಿ ಬೀಜದ ಗಿರಣ್ಯಾಗ ಮಷಿನ್ ರಿಪೇರಿಗೆ ಹೋಗ್ತಾರ. ಪುಕ್ಕಟ ಸಿಕ್ಕಿತು ಅಂತ ಹತ್ತು ಚೀಲ ಮನಿಗೆ ಹೊತ್ತು ತಂದ್ರು. ಕಸದ ಗಾಡಿಯಂವ ಒಲ್ಲೆ ಅಂದ, ಆಡ ಒಲ್ಲೆ ಅನ್ನಲಿಲ್ಲ."