ಹೆಣದ ಹಿಂದೆ ಹೊಡೆದ ಹಾರನ್

ಐವತ್ತೆರಡನೇ ವಯಸ್ಸಿನಲ್ಲಿ ನಾನು ಕಾರು ಕಲಿತದ್ದು ಶೋಕಿಗಲ್ಲ. ನಮ್ಮ ಯಜಮಾನರ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ವಾರಕ್ಕೆ ಮೂರು ಸಲ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಡಯಾಲಿಸಿಸ್‌ಗೆ ಹೋಗಬೇಕಾಯಿತು. ಬಸ್ಸಿನಲ್ಲಿ ಅವರಿಗೆ ಕೂರಲಾಗುತ್ತಿರಲಿಲ್ಲ. ಕಣ್ಣೂ ಮಂಜಾಗಿ ಅವರು ಸ್ಟೀರಿಂಗ್ ಬಿಟ್ಟರು, ನಾನು ಹಿಡಿದೆ.

ಡ್ರೈವಿಂಗ್ ಕಲಿಸಿದ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. “ಅಮ್ಮಾ, ಹಾರನ್ ಇರೋದು ಎಚ್ಚರಿಸೋಕೆ, ಬೈಯೋಕಲ್ಲ. ಯಾರಿಗಾದ್ರೂ ಅಪಾಯ ಆಗೋ ಹಾಗಿದ್ರೆ ಒಂದ್ಸಲ ಹೊಡೀರಿ, ಸಾಕು. ಸುಮ್‌ಸುಮ್ನೆ ಹೊಡೆದ್ರೆ ದಂಡ ಹಾಕ್ತಾರೆ. ಆಸ್ಪತ್ರೆ ಹತ್ರ ಅಂತೂ ಮುಟ್ಲೇಬೇಡಿ.” ಯಜಮಾನರು ಅವರಿಗಿಂತ ಒಂದು ಕೈ ಮೇಲೆ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗದ್ದಲ ಕೇಳಿ ಸಾಕಾದವರು. ನಾನು ಪೀಂ ಅನ್ನಿಸಿದರೆ ಸಾಕು, “ಯಾರನ್ನ ಕರೀತಿದ್ದೀಯ ಮಾರಾಯ್ತಿ, ನಿಮ್ಮ ತವರಿನೋರನ್ನಾ?” ಎನ್ನುತ್ತಿದ್ದರು.

ಆ ಸೋಮವಾರ ಮಾತ್ರ ಅವರಿಗೆ ತಮಾಷೆ ಮಾಡುವ ಉಸಿರಿರಲಿಲ್ಲ. ಅದು ನನ್ನ ಕೈಯಾರೆ ಆದದ್ದು. ಹಿಂದಿನ ದಿನ ಮನೆಯಲ್ಲಿ ಈಶ್ವರನಿಗೆ ಎಳನೀರಿನ ಅಭಿಷೇಕ ಮಾಡಿದ್ದೆ. ಎಳನೀರಿನ ಪೊಟ್ಯಾಸಿಯಂ ಕಿಡ್ನಿಯಿಂದ ಹೊರಹೋಗದೆ ಹೃದಯಕ್ಕೇ ಹೊಡೆಯುತ್ತದೆ, ಅವರ ಪಾಲಿಗೆ ಅದು ವಿಷ ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿದ್ದರು. ಆದರೂ ದೇವರ ಮೈಮೇಲಿಂದ ಇಳಿದದ್ದು ಏನು ಮಾಡೀತು ಎಂದುಕೊಂಡೆ. ಒಂದು ಉದ್ಧರಣೆ ತೀರ್ಥ ಕೊಡುವ ಕಡೆ ಒಂದು ಲೋಟ ಕೊಟ್ಟೆ. ಬೆಳಿಗ್ಗೆ ಎದ್ದಾಗ ಅವರ ಕಾಲಲ್ಲಿ ಬಲವಿರಲಿಲ್ಲ, ಏದುಸಿರು ಬರುತ್ತಿತ್ತು. ಪಕ್ಕದ ಮನೆಯವರು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು.

ದಾರಿಯಲ್ಲಿ ಅಳುತ್ತಲೇ ಹೇಳಿದೆ. “ನಾನೇ ಕೊಟ್ಟು ಹಿಂಗಾಯ್ತು ರೀ.”

“ಗೊತ್ತಿದ್ದೇ ಕುಡಿದೆ ಕಣೇ,” ಎಂದರು. “ಬಾಯಾರಿತ್ತು.”

ಶಿವಮೊಗ್ಗದ ಒಳಗೆ ಬಂದು ಆಸ್ಪತ್ರೆಯ ಕಡೆ ತಿರುಗಿದರೆ ಮುಂದೆ ಒಂದು ಶವಯಾತ್ರೆ. ಒಂದು ಪಕ್ಕ ಚರಂಡಿಗೆಂದು ರಸ್ತೆ ಅಗೆದಿದ್ದರು, ಇನ್ನೊಂದು ಪಕ್ಕ ಜನ. ಹಿಂದೆ ಆಟೊಗಳು ಬಂದು ನಿಂತಿದ್ದವು. ತಮಟೆಯ ಹೆಜ್ಜೆಗೆ ಚಟ್ಟ ಮೆಲ್ಲಗೆ ಸಾಗುತ್ತಿತ್ತು. ಹೆಣದ ಹಿಂದೆ ಹಾರನ್ ಮಾಡಬಾರದು ಎಂದು ಯಾವ ಮೇಷ್ಟ್ರೂ ಹೇಳಿಕೊಡಬೇಕಾಗಿಲ್ಲ. ಅಂಥ ಕಡೆ ನಾನು ಕಾರು ನಿಲ್ಲಿಸಿ ಕೈಮುಗಿಯುವವಳು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಗೊರ್ ಎಂಬ ಸದ್ದು ಬಂತು. ತಿರುಗಿ ನೋಡಿದೆ, ಅವರ ತುಟಿ ನೀಲಿಯಾಗಿತ್ತು. ಅಂಗೈ ಪೂರ್ತಿ ಹಾರನ್ ಮೇಲೆ ಒತ್ತಿಬಿಟ್ಟೆ.

ತಮಟೆ ನಿಂತಿತು. ಹೆಗಲು ಕೊಟ್ಟವನೊಬ್ಬ ತಿರುಗಿದ. “ಏನಮ್ಮಾ, ಹೆಣದ ಹತ್ರಾನೂ ಸೈಡ್ ಕೇಳ್ತೀರಾ?”

“ಹೊಡೀಲಿ ಬಿಡೋ, ನಮ್ಮಜ್ಜಿನೇ ಎದ್ದು ದಾರಿ ಬಿಡ್ತಾಳೆ!” ಎಂದ ಇನ್ನೊಬ್ಬ.

“ಕೈ ತೆಗಿಯೇ…” ಹಿಂದಿನಿಂದ ಯಜಮಾನರ ಧ್ವನಿ ಬಂತು. ಅಷ್ಟೇ ಅವರಿಂದ ಆದದ್ದು.

ಹ್ಯಾಂಡ್‌ಬ್ರೇಕ್ ಎಳೆದು ಇಳಿದೆ. ಚಪ್ಪಲಿ ಅಲ್ಲೇ ಬಿಟ್ಟು ಗಂಡಸರ ನಡುವೆ ನುಗ್ಗಿ ಮುಂದಕ್ಕೆ ಓಡಿದೆ. ನಮ್ಮ ಮನೆಯ ಹೆಂಗಸರು ಶವದ ಜೊತೆ ಬೀದಿಗೆ ಬರುವುದೇ ಇಲ್ಲ. ಬೆಂಕಿಯ ಮಡಕೆ ಹಿಡಿದು ಮುಂದೆ ನಡೆಯುತ್ತಿದ್ದವನು ಮಗನೇ ಇರಬೇಕು, ಒದ್ದೆ ಪಂಚೆಯಲ್ಲಿದ್ದ, ನನ್ನದೇ ವಯಸ್ಸಿನವನು.

“ಅಣ್ಣಾ, ತಪ್ಪಾಯ್ತು. ಕಾರಲ್ಲಿ ನಮ್ಮ ಯಜಮಾನ್ರು ಉಸಿರು ಕಟ್ಟಿ ಮಲಗಿದ್ದಾರೆ. ಡಯಾಲಿಸಿಸ್‌ಗೆ ಹೋಗ್ಬೇಕು. ಒಂಚೂರು ಜಾಗ ಬಿಡಿಸ್ರಪ್ಪ.”

ಚಟ್ಟದ ಅಗಲಕ್ಕೆ, ಹೊತ್ತವರು ಸುಮ್ಮನೆ ಪಕ್ಕಕ್ಕೆ ಸರಿದರೆ ಕಾರಿಗೆ ದಾರಿಯಾಗುತ್ತಿರಲಿಲ್ಲ, ಅದನ್ನು ಕೆಳಗಿಳಿಸಿ ಅಂಚಿಗೆ ಸರಿಸಬೇಕಿತ್ತು. ಒಬ್ಬ ಹಿರಿಯರು ಅಡ್ಡ ಬಂದರು. “ಹೆಣ ಇಳಿಸೋ ಜಾಗ ಇನ್ನೂ ಮುಂದೈತೆ. ನಡುದಾರೀಲಿ ನೆಲ ಮುಟ್ಟಿಸ್ಬಾರ್ದು. ಮನೇಗೆ ಒಳ್ಳೇದಲ್ಲ.”

ಮಗ ನನ್ನ ಕಾಲು ನೋಡಿದ, ಕಾರಿನ ಕಡೆ ನೋಡಿದ. “ಅವ್ವಂಗೇನು ಅವಸರ ಇಲ್ಲ. ಇಳಿಸ್ರೋ.”

ಇಳಿಸಿದರು. ಅಗೆದ ಮಣ್ಣಿನ ಪಕ್ಕದಲ್ಲಿ, ಹಾರದ ಕೆಳಗೆ, ಅರಿಶಿನ ಹಚ್ಚಿದ ಒಂದು ಪುಟ್ಟ ಮುಖ. ನಾನು ಆ ತಾಯಿಯ ಪಾದ ಮುಟ್ಟಿ ಓಡಿ ಬಂದೆ. ಚೆಲ್ಲಿದ್ದ ಪುರಿಯ ಮೇಲೆ ಕಾರು ಸಾಗಿತು. ನನ್ನನ್ನು ಬೈದವನೇ ಮುಂದೆ ನಿಂತು ಜನರನ್ನು ಸರಿಸಿ “ಬನ್ನಿ ಬನ್ನಿ, ಲೆಫ್ಟಿಗೆ ಹಿಡೀರಿ” ಎಂದು ಕೈ ಮಾಡುತ್ತಿದ್ದ.

ಆಸ್ಪತ್ರೆಯ ಗೇಟಿನಲ್ಲಿ ಇನ್ನೊಂದು ಕಾರು ಅಡ್ಡ ನಿಂತಿತ್ತು. ಪಕ್ಕದಲ್ಲೇ ಹಾರನ್ ಚಿತ್ರಕ್ಕೆ ಕೆಂಪು ಗೆರೆ ಎಳೆದ ಬೋರ್ಡು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಗಂಟಲು ಹರಿಯುವಂತೆ “ಯಾರಾದ್ರೂ ಬನ್ರಪ್ಪಾ” ಎಂದು ಕೂಗಿದೆ. ಸ್ಟ್ರೆಚರ್ ಬಂತು.

ಎಳನೀರಿನ ವಿಷಯ ಡಾಕ್ಟರಿಗೆ ಮುಚ್ಚಿಡಲಿಲ್ಲ. ಅವರು ಬೈಯಲೂ ಇಲ್ಲ. “ಹಾರ್ಟ್ ಯಾವಾಗ ಬೇಕಾದ್ರೂ ನಿಲ್ಬಹುದು. ಡಯಾಲಿಸಿಸ್ ಶುರು ಮಾಡಿದ್ದೀವಿ, ಎರಡು ಗಂಟೆ ಹೊತ್ತು ಹೋಗ್ಲಿ, ನೋಡೋಣ” ಎಂದರು.

ಹೊರಗಿನ ಬೆಂಚಿನ ಮೇಲೆ ಕೂತೆ. ಶವ ಮುಟ್ಟಿದ ಮೈಯಲ್ಲಿ, ಸ್ನಾನವಿಲ್ಲದೆ, ದೇವರ ಹೆಸರು ಹೇಳಬಾರದು ಎಂದು ನಂಬಿಕೊಂಡೇ ಬದುಕಿದವಳು ನಾನು. ಆ ದಿನ ಅದೇ ಮೈಲಿಗೆಯಲ್ಲಿ ಕೂತು ಹೇಳಿದೆ. ಮೊದಲು ಆ ತಾಯಿಗೆ ಒಳ್ಳೆಯ ಗತಿ ಕೊಡು ಎಂದೆ, ನಡುದಾರಿಯಲ್ಲಿ ಇಳಿಸಿದ್ದಕ್ಕೆ ಆ ಮನೆಗೆ ಏನೂ ಆಗದಿರಲಿ ಎಂದೆ. ಆಮೇಲೆ ನನ್ನದನ್ನು ಕೇಳಿದೆ. ಕೇಳಲು ಮುಖವಿರಲಿಲ್ಲ.

ಮಧ್ಯಾಹ್ನ ನರ್ಸ್ ಬಂದು, “ಉಸಿರು ಸ್ವಲ್ಪ ಸಲೀಸಾಗಿದೆ ಆಂಟಿ” ಎಂದಳು. ಪಾರಾದರು ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಷ್ಟಾದರೂ ಸಿಕ್ಕಿತಲ್ಲ ಎಂದು ಕಣ್ಣೊರೆಸಿಕೊಂಡು, ಬುಧವಾರ ಎಷ್ಟು ಗಂಟೆಗೆ ಕರೆದುಕೊಂಡು ಬರಲಿ ಎಂದು ವಿಚಾರಿಸಿದೆ.