ನಾನು ಕೊಟ್ಟ ನೋ ಬಾಲ್

ತೊಂಬತ್ತರ ದಶಕದಲ್ಲಿ ನಾನು ಲಂಡನ್ನಿನ ಹೇಸ್‌ನಲ್ಲಿ ಒಂದು ಗೋದಾಮಿನ ಕೆಲಸಕ್ಕಿದ್ದೆ. ಜೊತೆಗೆ ಜಪಾನಿನ ಹಿರಿಯರೊಬ್ಬರಿದ್ದರು, ಮಾತು ಬಲು ಕಮ್ಮಿ. ಒಂದು ದಿನ ಅವರು ಎಂದೂ ಕಟ್ಟದ ಟೈ ಕಟ್ಟಿಕೊಂಡು, ಊರಿಂದ ತಮ್ಮ ಕಳಿಸಿದ್ದ ವಿಡಿಯೊ ಕ್ಯಾಸೆಟ್ ಹಿಡಿದು ಬಂದರು. ಅವರ ದೇಶದ ಹೆಸರಾಂತ ಬೇಸ್‌ಬಾಲ್ ಎಸೆತಗಾರ ಅಮೆರಿಕದ ದೊಡ್ಡ ಲೀಗಿಗೆ ಹೋಗಿ ಆಡಿದ ಪಂದ್ಯದ ಮುಖ್ಯ ಭಾಗ ಅದರಲ್ಲಿತ್ತು.

ಊಟದ ಬಿಡುವಿನಲ್ಲಿ ಅದನ್ನು ಕ್ಯಾಂಟೀನಿನ ಟಿವಿಯಲ್ಲಿ ಹಾಕಿದೆವು. ಕುಂದಾಪುರದ ಗದ್ದೆಗಳಲ್ಲಿ ಕ್ರಿಕೆಟ್ ಆಡಿ ಬೆಳೆದ ನನಗೆ ಬೇರೆ ಆಟವೆಲ್ಲ ಆಟವೇ ಅಲ್ಲ. ಆ ಎಸೆತಗಾರ ಮೊದಲ ಚೆಂಡು ಎಸೆದದ್ದೇ ತಡ, ಅಂಪೈರನಂತೆ ಕೈ ಅಡ್ಡ ಚಾಚಿ ಕೂಗಿಬಿಟ್ಟೆ: “ನೋ ಬಾಲ್! ಮೊಣಕೈ ಮಡಿಸಿ ಎಸೀತಿದಾನೆ!”

ಹಿರಿಯರು ನಗಲಿಲ್ಲ. “ಅಲ್ಲಿ ಆಡೋದು ನಮ್ಮವರ ಕೈಲಿ ಆಗಲ್ಲ ಅಂತಿದ್ರು,” ಎಂದರಷ್ಟೆ.

ಚಾಚಿದ ಕೈ ತಾನಾಗಿ ಕೆಳಗಿಳಿಯಿತು. ನನ್ನನ್ನು ಶಿಫ್ಟಿನ ಮೇಲ್ವಿಚಾರಕನನ್ನಾಗಿ ಮಾಡಿದ ವಾರ ಇದೇ ಕ್ಯಾಂಟೀನಿನಲ್ಲಿ, ನನ್ನ ಬೆನ್ನ ಹಿಂದೆ, ಕೆಲವು ಬಿಳಿಯರು ‘ಇಂಡಿಯಾದವರ ಕೈಲಿ ಆಗಲ್ಲ’ ಎಂದು ಇದೇ ಮಾತು ಆಡಿದ್ದರು. ಆ ಸಿಟ್ಟು ಇನ್ನೂ ಆರಿರಲಿಲ್ಲ. ಆಮೇಲೆ ಅಮೆರಿಕದ ಒಬ್ಬೊಬ್ಬ ದಾಂಡಿಗ ಚೆಂಡು ತಾಗಿಸಲಾಗದೆ ಹಿಂದಿರುಗಿದಾಗಲೂ ನಾನು ಮೇಜು ಕುಟ್ಟಿದೆ. ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಹಿರಿಯರು ಕೊನೆಯವರೆಗೂ ಎದ್ದು ನಿಂತೇ ನೋಡಿದರು.

ಸಂಜೆ ಕೆಂಟನ್‌ನ ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ: “ಅಮೆರಿಕದಲ್ಲಿ ನಮ್ಮವ ಗೆದ್ದ!”

“ಯಾರ್ ಮರ್ರೆ, ಕುಂದಾಪ್ರದವ್ರಾ?”

“ಅಲ್ಲ, ಜಪಾನಿನವ,” ಎಂದೆ, ಎದೆಯುಬ್ಬಿಸಿಕೊಂಡೇ.