ಸೆರಗಿನ ಮೇಲೆ ದಾನಿಗಳ ಹೆಸರು

ಗೆಳೆಯರೇ, ಇವತ್ತು ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾನು ಕೊಡಿಸಿದ ಫ್ಯಾನಿನ ರೆಕ್ಕೆಯ ಮೇಲೆ ತೀರಿಹೋದ ನನ್ನ ಹೆಂಡತಿಯ ಹೆಸರನ್ನು ಪೇಂಟರು ಬರೆಯುತ್ತಿದ್ದ. ಅಷ್ಟರಲ್ಲಿ ರಬಕವಿಯಲ್ಲಿ ಮಗ್ಗ ನಡೆಸುವ ಕಾಶವ್ವ ಗಂಟು ಹೊತ್ತು ಬಂದಳು. ಬಿ.ಎಡ್. ಹುಡುಗಿಯರು ಸೋಮವಾರದಿಂದ ಶಾಲೆಗಳಿಗೆ ಹೋಗಿ ಪಾಠ ಮಾಡಬೇಕು, ಸೀರೆ ಕಡ್ಡಾಯ. ಇಲ್ಲದವರಿಗೆಂದು ತಾನೇ ನೇಯ್ದು ತಂದಿದ್ದಳು. ಗಂಟು ಬಿಚ್ಚಿದರೆ, ಆಹಾ, ವೆರಿ ವೆರಿ ಬ್ಯೂಟಿಫುಲ್! ಕಾಲೇಜಿನ ಇಂಗ್ಲಿಷು ನನ್ನಲ್ಲಿ ಇಷ್ಟೇ ಉಳಿದಿದೆ, ಇರಲಿ.

ಹಾಸ್ಟೆಲಿನ ಉಸ್ತುವಾರಿ ನೋಡುವ ಪ್ರಾಧ್ಯಾಪಕರಿಗೆ ಉತ್ಸಾಹ ಉಕ್ಕಿತು. “ಕಾಶವ್ವಾರ, ಸೆರಗಿನ ಮ್ಯಾಲ ‘ದಾನಿಗಳು’ ಅಂತ ನಿಮ್ಮ ಹೆಸರು ಅಚ್ಚು ಹಾಕಿಸಿ ಹಂಚತೇವ್ರಿ.”

ಕಾಶವ್ವ ಗಂಟು ಮತ್ತೆ ಕಟ್ಟತೊಡಗಿದಳು. “ಹಂಗಾದ್ರ ವಾಪಸ್ ಒಯ್ತೇನ್ರಿ ಸರ. ಹುಡುಗಿ ಬೋರ್ಡಿನ ಕಡೆ ತಿರುಗಿದ್ರ ಸಾಲಿ ಹುಡುಗರು ಬೋರ್ಡ್ ಓದಬೇಕೋ, ಈಕಿ ಸೆರಗ ಓದಬೇಕೋ?”

ಒಬ್ಬ ಹುಡುಗಿ ಸೀರೆಯ ಮೇಲಿಟ್ಟ ಕೈ ತೆಗೆಯಲೇ ಇಲ್ಲ. “ಕಾಕೂ, ಒಯ್ಯಬ್ಯಾಡ್ರಿ! ಸರ, ಹೆಸರು ಬ್ಯಾಡ್ರಿ.”

“ಮತ್ತ ಕೊಟ್ಟವರು ಯಾರಂತ ಹೆಂಗ ಗೊತ್ತಾಗಬೇಕು?” ಎಂದರು ಪ್ರಾಧ್ಯಾಪಕರು.

“ದಾರ್ಯಾಗ ಈಕಿ ಈ ಸೀರಿ ಉಟ್ಟು ಎದುರಾದ್ರ ನನಗ ಗೊತ್ತಾಗತೈತಲ್ರಿ, ಸಾಕು” ಎಂದಳು ಕಾಶವ್ವ.

ಪ್ರಾಧ್ಯಾಪಕರು ಸೋತು ನಕ್ಕರು. ಗಂಟು ಬಿಚ್ಚಿಕೊಂಡಿತು. ಎಂಥಾ ನೋಬಲ್ ಲೇಡಿ!

ಏಣಿಯ ಮೇಲಿಂದ ಪೇಂಟರು ಕೇಳಿದ, “ಹಂಗಾದ್ರ ಈ ಹೆಸರು ಅಳಸಲೇನ್ರಿ ಅಜ್ಜಾರ?”

“ಇರಲಿ ಬಿಡೋ” ಎಂದೆ.

ಮನೆಗೆ ಬಂದ ಮೇಲೆ ಹೊಳೆಯಿತು: ಫ್ಯಾನು ತಿರುಗುವಾಗ ಹೆಸರು ಕಾಣುವುದಿಲ್ಲ. ಕರೆಂಟು ಹೋದಾಗ ಮಾತ್ರ ಹುಡುಗಿಯರು ಬೆವರು ಒರೆಸಿಕೊಳ್ಳುತ್ತ ನನ್ನಾಕೆಯ ಹೆಸರು ಓದುತ್ತಾರೆ. ಪಾಪ, ಆಕೆಗೆ ಎಷ್ಟು ಬೈಗುಳ ಕಾದಿವೆಯೋ!